ಸತ್ಯಾಂಶ: ಮೂರು ತಿಂಗಳ ಕೋರ್ಸಿಗೆ ಖಾಯಂ ಕೌನ್ಸೆಲರ್ ಕೆಲಸ ಸಿಗುವುದೇ?

‘ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿ, ಜಿಲ್ಲಾಸ್ಪತ್ರೆಯಲ್ಲಿ ಖಾಯಂ ಆಪ್ತಸಮಾಲೋಚಕರಾಗಿ’ ಎಂಬ ಸಂದೇಶ ಬಳ್ಳಾರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕ್ಲಿನಿಕಲ್ ಸೈಕಾಲಜಿಸ್ಟ್ (ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞ) ಆಗಲು, ಇಂಥ ತರಬೇತಿಗಳನ್ನು ನಿಯಂತ್ರಿಸುವ ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಒಪ್ಪಿದ ತರಬೇತಿ, ನೋಂದಣಿ ಎರಡೂ ಬೇಕು. ವ್ಯಸನಮುಕ್ತಿ ಕೇಂದ್ರಗಳು ಸಮಾಲೋಚಕರಿಂದ ಸಾಮಾನ್ಯವಾಗಿ ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯದ ಪದವಿ ಕೇಳುತ್ತವೆ. ಜಿಲ್ಲೆಗಳಲ್ಲಿ ಮಾನಸಿಕ ಚಿಕಿತ್ಸೆ ಒದಗಿಸುವ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಹುದ್ದೆಗಳು ಹೆಚ್ಚಾಗಿ ಗುತ್ತಿಗೆಯವು. ವಿದ್ಯಾರ್ಹತೆ, ಸಂಬಳ, ಅವಧಿ ಎಲ್ಲವೂ ನೇಮಕಾತಿ ಅಧಿಸೂಚನೆಯಲ್ಲೇ ಇರುತ್ತವೆ; ಅದನ್ನು ಓದದೆ ಯಾರಿಗೂ ಶುಲ್ಕ ಕಟ್ಟಬೇಡಿ, ದಯವಿಟ್ಟು.

ಅಂದಹಾಗೆ, 1996ರಲ್ಲಿ ದೇಶದಲ್ಲಿ ಶುರುವಾದ ಆ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯೇ. 1980ರ ದಶಕದಲ್ಲಿ ನಿಮ್ಹಾನ್ಸ್ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಸಾಧ್ಯವೆಂದು ತೋರಿಸಿತ್ತು.