ಸ್ಪಷ್ಟನೆ: ಎರಡು ಆಂಟಿವೈರಸ್ ಹಾಕಿದರೆ ರಕ್ಷಣೆ ಇಮ್ಮಡಿಯಾಗದು

‘ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಲದು, ಇನ್ನೊಂದು ಆಂಟಿವೈರಸ್ ಹಾಕಿಕೊಂಡರೆ ರಕ್ಷಣೆ ಇಮ್ಮಡಿ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ವಿಂಡೋಸ್ 10 ಮತ್ತು 11ರಲ್ಲಿ ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ಸಾಮಾನ್ಯವಾಗಿ ತಾನಾಗಿಯೇ ಹಿಂದೆ ಸರಿಯುತ್ತದೆ. ಕಾವಲಿಗೆ ಉಳಿಯುವುದು ಒಂದೇ. ಬಲವಂತವಾಗಿ ಎರಡನ್ನೂ ಓಡಿಸಿದರೆ, ಒಂದೇ ಫೈಲನ್ನು ಎರಡೂ ತಡೆದು ಪರೀಕ್ಷಿಸಲು ಹೋಗಿ ಕಂಪ್ಯೂಟರ್ ತೆವಳುತ್ತದೆ.

ಅಪ್‌ಡೇಟ್ ನಿಲ್ಲಿಸದಿದ್ದರೆ ಹೆಚ್ಚಿನ ಮನೆಗಳಿಗೆ ಡಿಫೆಂಡರ್ ಧಾರಾಳವಾಗಿ ಸಾಕು. ವಿಂಡೋಸ್ ಸೆಕ್ಯುರಿಟಿ ತೆರೆದು, ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ಸೆಟ್ಟಿಂಗ್ಸ್‌ನಲ್ಲಿ ರಿಯಲ್-ಟೈಮ್ ಪ್ರೊಟೆಕ್ಷನ್ (ಸದಾ ಕಾವಲು) ಮತ್ತು ಟ್ಯಾಂಪರ್ ಪ್ರೊಟೆಕ್ಷನ್ (ರಕ್ಷಣೆಯ ಸೆಟ್ಟಿಂಗ್ಸ್ ಅನ್ನು ಬೇರೆ ಪ್ರೋಗ್ರಾಂ ಬದಲಿಸದಂತೆ ತಡೆ) ಆನ್ ಇವೆಯೇ ನೋಡಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರನ್ನು ತಡೆಯುವ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಮಾತ್ರ ಮೊದಲಿಗೆ ಆಫ್ ಇರುತ್ತದೆ, ನೀವೇ ಆನ್ ಮಾಡಬೇಕು. ಗುರುತಿಲ್ಲದ ಪ್ರೋಗ್ರಾಂಗಳು ಮುಖ್ಯ ಫೋಲ್ಡರ್‌ಗಳಲ್ಲಿನ ಫೈಲ್ ಬದಲಿಸದಂತೆ ಅದು ತಡೆಯುವುದರಿಂದ, ಆಮೇಲೆ ನಂಬಿಕಸ್ಥ ಪ್ರೋಗ್ರಾಂ ಕೂಡ ಕೆಲವೊಮ್ಮೆ ಫೈಲ್ ಸೇವ್ ಮಾಡಲಾಗದೆ ನಿಲ್ಲಬಹುದು. ಅದೊಂದನ್ನು ಅನುಮತಿ ಪಟ್ಟಿಗೆ ಸೇರಿಸಿ. ರಕ್ಷಣೆಯನ್ನೇ ಆಫ್ ಮಾಡಬೇಡಿ.