ಹುಂಡಿ ಇಲ್ಲದವರ ಲೆಕ್ಕಪುಸ್ತಕ

ದೇವಸ್ಥಾನಕ್ಕೆ ಹುಂಡಿ ಇದೆ, ಹರಕೆ ಇದೆ. ಮಠಕ್ಕೆ ಕಾಣಿಕೆ ಇದೆ. ವಿಚಾರವಾದಿಗಳ, ಮಾನವತಾವಾದಿಗಳ ಬಳಗಕ್ಕೆ ಇವೊಂದೂ ಇಲ್ಲ. ಭಯಪಟ್ಟು ಕೊಡುವವರಿಲ್ಲ, ಪುಣ್ಯ ಬರುತ್ತದೆಂದು ಕೊಡುವವರೂ ಇಲ್ಲ. ನಮ್ಮ ಊರುಗಳ ಇಂಥ ಬಳಗಗಳು ಬದುಕಿದ್ದು ಮೂರು ಸಣ್ಣ ಮೂಲಗಳಿಂದ: ತಿಂಗಳ ಸಭೆ ಮುಗಿದ ಮೇಲೆ ಮೇಜಿನ ಮೇಲಿಡುವ ಡಬ್ಬಿ, ಬಾಗಿಲ ಬಳಿಯ ಪುಸ್ತಕದ ಮೇಜು, ವರ್ಷಕ್ಕೊಮ್ಮೆಯ ಸದಸ್ಯತ್ವದ ಹಣ. ಈ ಮೂರು ಮೂಲಗಳಿಂದಲೂ ಹಣ ಬರುವುದು ಜನ ಎದುರೆದುರು ಕೂತರೆ ಮಾತ್ರ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಸಭೆ ನಿಂತಿತು, ಮೂರೂ ಒಟ್ಟಿಗೆ ನಿಂತವು. ಜೂಮ್ ಉಪನ್ಯಾಸಗಳಿಗೆ ದೂರದೂರಿಂದ ಕೇಳುಗರು ಬಂದರು, ಆದರೆ ಜೂಮ್‌ನಲ್ಲಿ ಡಬ್ಬಿ ತಿರುಗುವುದಿಲ್ಲ.

ಈಗ ಮತ್ತೆ ಶುರು ಮಾಡಲು ಹೊರಟ ಬಳಗಗಳು ಮೊದಲು ಹುಡುಕುವುದು ಒಬ್ಬ ದೊಡ್ಡ ದಾನಿಯನ್ನು. ಇದು ತಪ್ಪು ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ದಾನಿ ಊರು ಬಿಟ್ಟರೆ, ತೀರಿಕೊಂಡರೆ, ಒಂದು ಭಾಷಣಕ್ಕೆ ಮುನಿಸಿಕೊಂಡರೆ ಬಳಗವೇ ಮುಳುಗುತ್ತದೆ. ತಿಂಗಳಿಗೆ 200 ರೂಪಾಯಿ ಕೊಡುವ ನೂರು ಮಂದಿಯನ್ನು ಹಿಡಿಯಿರಿ. ಅವರಲ್ಲಿ ಇಪ್ಪತ್ತು ಜನ ಬಿಟ್ಟುಹೋದರೂ ದೀಪ ಆರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ತಾಲ್ಲೂಕು ಕೇಂದ್ರದ ಒಂದು ಬಳಗ ಎಂದಿಟ್ಟುಕೊಳ್ಳಿ. ಸಭಾಂಗಣದ ಬಾಡಿಗೆ ತಿಂಗಳಿಗೆ 2,000, ಬರುವ ಉಪನ್ಯಾಸಕರ ಬಸ್ಸು, ಊಟ, ವಸತಿಗೆ 3,000, ಶಾಲೆಗಳಿಗೆ ಹೋಗಿ ಪವಾಡ ಬಯಲು ಮಾಡುವ ಅರೆಕಾಲಿಕ ಕಾರ್ಯಕರ್ತರ ಗೌರವಧನ 8,000. ವರ್ಷಕ್ಕೆ ಇವು 1,56,000. ಆಡಿಟರ್‌ಗೆ 15,000, ಅಂಚೆ, ಫೋನು, ಕರಪತ್ರಕ್ಕೆ 9,000. ಒಟ್ಟು 1,80,000, ಅಂದರೆ ತಿಂಗಳಿಗೆ 15,000. ಎಪ್ಪತ್ತೈದು ಜನ 200ರಂತೆ ಕೊಟ್ಟರೆ ಸರಿಹೋಗುತ್ತದೆ. ಆದರೆ ಐವರಲ್ಲಿ ಒಬ್ಬರ ಹಣ ಯಾವುದೋ ಕಾರಣಕ್ಕೆ ತಪ್ಪುತ್ತದೆ ಎಂದೇ ಲೆಕ್ಕ ಹಿಡಿಯಬೇಕು. ಹಾಗಾಗಿ 95 ಹೆಸರು ಬರೆಸಿಕೊಳ್ಳಿ. ಮೇಲಿನ ಖರ್ಚಿನ ಪಟ್ಟಿಯನ್ನು ಸಭೆಯ ಎದುರೇ ಓದಿ. 'ಬಳಗಕ್ಕೆ ನೆರವಾಗಿ' ಎಂದರೆ ಕೈ ಮೇಲೇಳುವುದಿಲ್ಲ. 'ಸಭಾಂಗಣದ ಬಾಡಿಗೆಗೆ ಹತ್ತು ಜನ ಬೇಕು' ಎಂದರೆ ಏಳುತ್ತದೆ.

ಹಣ ತರಿಸಿಕೊಳ್ಳುವ ಬಗೆಯಲ್ಲೇ ಹೆಚ್ಚು ಎಡವಟ್ಟಾಗುವುದು. ಖಜಾಂಚಿಯ ಸ್ವಂತ ಮೊಬೈಲ್ ನಂಬರಿನ ಕ್ಯೂಆರ್ ಕೋಡನ್ನು ಗೋಡೆಗೆ ಅಂಟಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಆ ಹಣ ಅವರ ಖಾತೆಯ ಹಣ, ಅವರ ಆದಾಯವೆಂದೇ ಪ್ರಶ್ನೆ ಬರುತ್ತದೆ. ಬಳಗದ ಹೆಸರಿನ ಖಾತೆಗೇ ಕ್ಯೂಆರ್ ಇರಬೇಕು. ತಿಂಗಳ ವಂತಿಗೆಗೆ ಯುಪಿಐ ಆಟೊಪೇ ಇದೆ. 200 ರೂಪಾಯಿಗೆ ಪ್ರತಿ ತಿಂಗಳು ಪಿನ್ ಒತ್ತಬೇಕಿಲ್ಲ. ಆದರೆ ಹಣ ಕಡಿತವಾಗುವ ಮುನ್ನಾದಿನ ಕೊಡುವವರಿಗೆ ಸಂದೇಶ ಹೋಗುತ್ತದೆ, ಕೆಲವರು ಆ ಸಂದೇಶ ನೋಡಿಯೇ ರದ್ದು ಮಾಡುತ್ತಾರೆ. ಇದಕ್ಕೆ ಮದ್ದು ಇಷ್ಟೆ: ಕಡಿತದ ದಿನವನ್ನು ಸಂಬಳ ಬರುವ ವಾರಕ್ಕೆ, ಅಂದರೆ 5ನೇ ತಾರೀಖಿನ ಆಸುಪಾಸಿಗೆ ಇಡಿ. ಅದರ ಹಿಂದಿನ ದಿನವೇ ಕಳೆದ ತಿಂಗಳು ಏನು ನಡೆಯಿತು ಎಂಬುದನ್ನು ನಾಲ್ಕು ಸಾಲು ಬರೆದು ವಾಟ್ಸಾಪ್‌ಗೆ ಹಾಕಿ. ಪೇಮೆಂಟ್ ಗೇಟ್‌ವೇಯ ಕಮಿಷನ್ ಬೇಡವೆನ್ನುವವರು ಸದಸ್ಯರ ಬ್ಯಾಂಕಿನಲ್ಲೇ ಸ್ಥಾಯಿ ಸೂಚನೆ (ಪ್ರತಿ ತಿಂಗಳು ತಾನಾಗಿ ಹಣ ಕಳಿಸಿ ಎಂಬ ಆದೇಶ) ಕೊಡಿಸಬಹುದು. ಹಿರಿಯರಿಗೆ ಇದೇ ಸಲೀಸು.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಆದಾಯ ತೆರಿಗೆಯಲ್ಲಿ ಅನಾಮಧೇಯ ದೇಣಿಗೆಗೆ 2006ರಲ್ಲಿ ಬಂದ ನಿಯಮವೊಂದಿದೆ. ಕೊಟ್ಟವರ ಹೆಸರು, ವಿಳಾಸ ದಾಖಲೆಯಲ್ಲಿ ಇಲ್ಲದ ದೇಣಿಗೆ ಒಂದು ಲಕ್ಷವನ್ನು ಅಥವಾ ಒಟ್ಟು ದೇಣಿಗೆಯ ನೂರಕ್ಕೆ ಐದನ್ನು, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ದಾಟಿದರೆ, ದಾಟಿದ ಭಾಗಕ್ಕೆ ನೂರಕ್ಕೆ 30 ತೆರಿಗೆ. ಸಂಪೂರ್ಣ ಧಾರ್ಮಿಕ ಸಂಸ್ಥೆಗಳಿಗೆ ಇದರಿಂದ ವಿನಾಯಿತಿ ಇದೆ. ಹುಂಡಿಗೆ ಹೆಸರು ಕೇಳುವವರಿಲ್ಲ, ನಮ್ಮ ಡಬ್ಬಿಗೆ ಕೇಳುತ್ತಾರೆ. ಸಂವಿಧಾನದ 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವವನ್ನೂ ಮಾನವತಾವಾದವನ್ನೂ ಬೆಳೆಸುವುದು ಪ್ರಜೆಯ ಕರ್ತವ್ಯ ಎಂದು 1976ರಲ್ಲಿ ಬರೆದುಕೊಂಡ ದೇಶದಲ್ಲಿ ಈ ತಾರತಮ್ಯ ನ್ಯಾಯವಲ್ಲ. ಆದರೆ ಕಾನೂನು ಬದಲಾಗುವತನಕ ನಮ್ಮ ದಾಖಲೆ ಗಟ್ಟಿ ಇರಬೇಕು. ಸಣ್ಣ ಡಬ್ಬಿಗೆ ಹೆದರಬೇಕಿಲ್ಲ, ಅದು ಲಕ್ಷ ದಾಟುವುದಿಲ್ಲ. ಅಪಾಯ ಇರುವುದು ಯುಪಿಐನಲ್ಲಿ. ಅಲ್ಲಿ ಹೆಸರು ಕಾಣುತ್ತದೆ, ವಿಳಾಸ ಕಾಣುವುದಿಲ್ಲ. ನಾಲ್ಕು ಲಕ್ಷ ದೇಣಿಗೆಯಲ್ಲಿ ಮೂರು ಲಕ್ಷ ಹೀಗೆ ವಿಳಾಸವಿಲ್ಲದೆ ಬಂದಿದ್ದರೆ ಎರಡು ಲಕ್ಷದ ಮೇಲೆ 60,000 ರೂಪಾಯಿ ತೆರಿಗೆ, ಅದರ ಮೇಲೆ ಸೆಸ್. ಕ್ಯೂಆರ್ ಕೋಡಿನ ಕೆಳಗೇ ಹೆಸರು, ವಿಳಾಸ, ಪ್ಯಾನ್ ತುಂಬುವ ಗೂಗಲ್ ಫಾರಂ ಲಿಂಕ್ ಕೊಡಿ. ತುಂಬದವರಿಗೆ ಅದೇ ವಾರ ಫೋನ್ ಮಾಡಿ. ಮಾರ್ಚ್ ಕೊನೆಯಲ್ಲಿ ಹುಡುಕಲು ಕೂತರೆ ಅರ್ಧದಷ್ಟು ಜನ ಸಿಗುವುದಿಲ್ಲ.

ಹೆಸರು ಕೊಡಲು ಜನ ಅಂಜುತ್ತಾರೆ. ಆ ಅಂಜಿಕೆಗೆ ಕಾರಣವಿದೆ: 2013ರಲ್ಲಿ ದಾಭೋಲ್ಕರ್, 2015ರಲ್ಲಿ ಕಲಬುರ್ಗಿ, 2017ರಲ್ಲಿ ಗೌರಿ ಲಂಕೇಶ್ ಕೊಲೆಯಾದರು. ಮೂಢನಂಬಿಕೆಯ ವಿರುದ್ಧ ದುಡಿಯುವವರಿಗೆ ಹಣ ಕೊಟ್ಟೆ ಎಂದು ಊರಿಗೆ ತಿಳಿಯುವುದು ಸರ್ಕಾರಿ ನೌಕರರಿಗೆ, ಅಂಗಡಿ ಇಟ್ಟುಕೊಂಡವರಿಗೆ ಕಷ್ಟ. ಹೆಸರು ದಾಖಲೆಯಲ್ಲಿರಬೇಕು ಎನ್ನುತ್ತದೆ ಕಾನೂನು, ಗೋಡೆಯ ಮೇಲಿರಬೇಕು ಎನ್ನುವುದಿಲ್ಲ. ಪ್ರಕಟಿಸುವ ಲೆಕ್ಕದಲ್ಲಿ ರಸೀದಿ ಸಂಖ್ಯೆ ಮತ್ತು ಮೊತ್ತ ಮಾತ್ರ ಇರಲಿ. ಕೊಟ್ಟವರು ತಮ್ಮ ಸಂಖ್ಯೆ ನೋಡಿ ಹಣ ಸೇರಿದೆ ಎಂದು ತಿಳಿಯುತ್ತಾರೆ, ಬೇರೆಯವರಿಗೆ ತಿಳಿಯುವುದಿಲ್ಲ. ದಾನಿಗಳ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿ ಧನ್ಯವಾದ ಹೇಳುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡುವ 80ಜಿ ಕಲಮಿನ ಬಗ್ಗೆ ಚುಟುಕಾಗಿ. ಹಳೆಯ ಸಂಸ್ಥೆಗಳ ಶಾಶ್ವತ ನೋಂದಣಿಯನ್ನು ತೆಗೆದು, ಎಲ್ಲರೂ ಹೊಸದಾಗಿ ಅರ್ಜಿ ಹಾಕಬೇಕೆಂಬ ನಿಯಮ ಜಾರಿಗೆ ಬಂದದ್ದು 2021ರ ಏಪ್ರಿಲ್‌ನಲ್ಲಿ, ಕೋವಿಡ್ ನಡುವೆಯೇ. ಅದನ್ನು ತಪ್ಪಿಸಿಕೊಂಡ ಬಳಗಗಳು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. 2,000 ರೂಪಾಯಿ ಮೀರಿದ ನಗದಿಗೆ ರಿಯಾಯಿತಿ ಇಲ್ಲ. ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ. (2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ. ಇಲ್ಲಿ ಹೇಳಿದ್ದು ಎಲ್ಲರ ಬಾಯಲ್ಲಿರುವ ಹಳೆಯ ಹೆಸರು. ಸಲ್ಲಿಸುವ ಮುನ್ನ ಆಡಿಟರನ್ನು ಕೇಳಿ.) ಇಷ್ಟಾದರೂ ತೆರಿಗೆ ರಿಯಾಯಿತಿಯನ್ನೇ ಮುಂದಿಟ್ಟು ಹಣ ಕೇಳಬೇಡಿ. ಹೊಸ ತೆರಿಗೆ ಪದ್ಧತಿ ಹಿಡಿದವರಿಗೆ 80ಜಿ ಲಾಭವೇ ಸಿಗುವುದಿಲ್ಲ.

ಹಣದ ಹಿಂದೆ ಹೋಗುವ ಮೊದಲು ಬ್ಯಾಂಕ್ ಖಾತೆ ತೆರೆದಿದೆಯೇ ನೋಡಿ. ಸುಮ್ಮನೆ ಹೇಳುತ್ತಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಂತೆ ಸರ್ವ ಸದಸ್ಯರ ಸಭೆ ನಡೆದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ರಿಜಿಸ್ಟ್ರಾರ್‌ಗೆ ಹೋಗಬೇಕು. ಎರಡು ವರ್ಷ ಸಭೆಯೇ ನಡೆಯದ ಕಡೆ ಈ ಸರಪಳಿ ತುಂಡಾಗಿದೆ. ಸಹಿದಾರರೊಬ್ಬರು ತೀರಿಕೊಂಡಿದ್ದರೆ ಬ್ಯಾಂಕು ನಿರ್ಣಯದ ಪ್ರತಿಯ ಜೊತೆ ರಿಜಿಸ್ಟ್ರಾರ್ ದೃಢೀಕರಿಸಿದ ಹೊಸ ಪಟ್ಟಿಯನ್ನೂ ಕೇಳಬಹುದು, ಹಳೆಯ ಬಾಕಿ ಸಲ್ಲಿಸದೆ ಆ ಪಟ್ಟಿ ಸಿಗುವುದು ಕಷ್ಟ. ಹಾಗಾಗಿ ಸಭೆ, ಬಾಕಿ ಲೆಕ್ಕ, ಹೊಸ ಪಟ್ಟಿ, ಸಹಿ ಬದಲಾವಣೆ, ಆಮೇಲೆ ಕ್ಯೂಆರ್. ಈ ಕ್ರಮ ತಪ್ಪಿಸಿದರೆ ಹಣ ಬಂದು ಬೀಳುತ್ತದೆ, ತೆಗೆಯಲು ಬರುವುದಿಲ್ಲ. ಮೂವರ ಹೆಸರು ಇಟ್ಟು ಯಾರಾದರೂ ಇಬ್ಬರು ಸಹಿ ಹಾಕಿದರೆ ಸಾಕು ಎಂಬ ನಿರ್ಣಯ ಮಾಡಿಕೊಳ್ಳಿ.

ಅಮೆರಿಕದಲ್ಲಿರುವ ಕನ್ನಡಿಗರು 'ಕಳಿಸುತ್ತೇವೆ' ಎಂದಾಗ ಮೊದಲ ಪ್ರಶ್ನೆ ಪಾಸ್‌ಪೋರ್ಟ್ ಯಾವುದು ಎಂಬುದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿದ್ದರೂ ವಿದೇಶಿ ಮೂಲವೇ. ಅವರಿಂದ ಪಡೆಯಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ಅದಕ್ಕೆ ಮೂರು ವರ್ಷದ ಕೆಲಸ, ಆ ಅವಧಿಯಲ್ಲಿ 15 ಲಕ್ಷದ ಖರ್ಚು ತೋರಿಸಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು. ಸಣ್ಣ ಬಳಗಕ್ಕೆ ಇದು ಆಗದ ಮಾತು. ಅಂಥ ಹಿತೈಷಿಗಳಿಂದ ಹಣ ಬೇಡ, ಸಮಯ ಕೇಳಿ: ಆನ್‌ಲೈನ್ ಉಪನ್ಯಾಸ, ಅನುವಾದ, ವೆಬ್‌ಸೈಟ್ ಕೆಲಸ.

ನಾರ್ವೆಯ ಮಾನವತಾವಾದಿ ಸಂಘಕ್ಕೆ ಸದಸ್ಯರ ತಲೆಯೆಣಿಕೆಯ ಮೇಲೆ ಸರ್ಕಾರವೇ ಹಣ ಕೊಡುತ್ತದೆ. ಅದು ನಮ್ಮಲ್ಲಿ ಆಗುವುದಿಲ್ಲ. ಬ್ರಿಟನ್ನಿನ ಸಂಘಗಳು ಮದುವೆ, ನಾಮಕರಣ, ಅಂತ್ಯಕ್ರಿಯೆ ನಡೆಸಿಕೊಡುವವರನ್ನು ತರಬೇತು ಮಾಡಿವೆ, ಸ್ಕಾಟ್ಲೆಂಡಿನಲ್ಲಿ ಇಂಥ ಮದುವೆಗೆ 2005ರಿಂದ ಕಾನೂನಿನ ಮಾನ್ಯತೆಯೂ ಇದೆ. ಇದು ನಮಗೆ ಹತ್ತಿರದ ದಾರಿ, ಏಕೆಂದರೆ ಕುವೆಂಪು ತೋರಿಸಿಕೊಟ್ಟ ಮಂತ್ರ ಮಾಂಗಲ್ಯ ಎಂಬ ಪುರೋಹಿತರಿಲ್ಲದ ಸರಳ ಮದುವೆ ನಮ್ಮಲ್ಲಿ ಆಗಲೇ ಇದೆ. ಪ್ರತಿಜ್ಞಾವಿಧಿ ಓದಿಸುವುದರ ಜೊತೆಗೆ 1954ರ ವಿಶೇಷ ವಿವಾಹ ಕಾಯ್ದೆಯ ನೋಂದಣಿಗೆ, ಅಂದರೆ 30 ದಿನದ ನೋಟಿಸು, ಮೂವರು ಸಾಕ್ಷಿಗಳು, ದಾಖಲೆಗಳು, ಇವುಗಳಿಗೆ ಬಳಗ ಕೈಜೋಡಿಸಿದರೆ ಕುಟುಂಬಗಳು ಸಂತೋಷದಿಂದ ದೇಣಿಗೆ ಕೊಡುತ್ತವೆ. ದರಪಟ್ಟಿ ಮಾತ್ರ ಹಾಕಬೇಡಿ. ಶುಲ್ಕ ಎಂದರೆ ಅದು ಸೇವೆಯ ಬೆಲೆ, ಅದಕ್ಕೆ 80ಜಿ ರಸೀದಿ ಕೊಡುವಂತಿಲ್ಲ. ಇಂಥ ವ್ಯವಹಾರದ ಹಣ ಒಟ್ಟು ಜಮೆಯ ನೂರಕ್ಕೆ 20 ಮೀರಿದರೆ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು. ಸರಳ ಮದುವೆಗೆ ಬಂದ ಬಡ ಜೋಡಿ ದರ ನೋಡಿ ಹಿಂದಿರುಗಿದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಕೊನೆಯದಾಗಿ ಇಡುಗಂಟು. ಮಹಾರಾಷ್ಟ್ರದಲ್ಲಿ ಡಾ. ಶ್ರೀರಾಮ್ ಲಾಗೂ, ನಿಳು ಫುಲೆಯಂಥ ಕಲಾವಿದರು ನಾಟಕವಾಡಿ ಹಣ ಕೂಡಿಸಿ ಸಾಮಾಜಿಕ ಕೃತಜ್ಞತಾ ನಿಧಿ ಕಟ್ಟಿದರು. ಪೂರ್ಣಾವಧಿ ಕಾರ್ಯಕರ್ತರಿಗೆ ಅದರಿಂದ ಮಾನಧನ ಸಿಕ್ಕಿತು. ನಮ್ಮಲ್ಲಿ ಇದಕ್ಕೆ ದತ್ತಿ ಉಪನ್ಯಾಸ ಎಂಬ ಒಳ್ಳೆಯ ಪದ್ಧತಿ ಇದೆ: ಒಬ್ಬರ ಹೆಸರಲ್ಲಿ ಠೇವಣಿ ಇಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸ ನಡೆಸುವುದು. ಕೋವಿಡ್‌ನಲ್ಲಿ ಹಿರಿಯರನ್ನು ಕಳೆದುಕೊಂಡ ಮನೆಗಳು, ಆಗ ನುಡಿನಮನ ಸಭೆಯನ್ನೂ ನಡೆಸಲಾಗದವರು, ಅವರ ಹೆಸರಲ್ಲಿ ಏನಾದರೂ ಉಳಿಯಲಿ ಎಂದು ಬಯಸುತ್ತಾರೆ. ಆದರೆ 10,000 ರೂಪಾಯಿಯ ದತ್ತಿಗೆ ನೂರಕ್ಕೆ 7ರಂತೆ ವರ್ಷಕ್ಕೆ ಬರುವುದು 700. ಅದು ಉಪನ್ಯಾಸಕರ ಬಸ್ಸಿಗೂ ಸಾಲದು. ಒಂದು ಉಪನ್ಯಾಸಕ್ಕೆ ಮೇಲಿನ ಲೆಕ್ಕದಂತೆ 5,000 ಬೇಕು, ಅದಕ್ಕೆ 71,000ಕ್ಕೂ ಹೆಚ್ಚು ಠೇವಣಿ ಇರಬೇಕು. ಕನಿಷ್ಠ ದತ್ತಿ 75,000 ಎಂದು ನಿಗದಿ ಮಾಡಿ, ಮನೆಯವರು ಮೂರು ವರ್ಷದಲ್ಲಿ ಕಂತುಕಂತಾಗಿ ಕಟ್ಟಲಿ. 'ಇದು ಮೂಲನಿಧಿಗೆ' ಎಂದು ಅವರಿಂದ ಬರಹದಲ್ಲಿ ಪಡೆಯಿರಿ. ಪತ್ರವಿಲ್ಲದಿದ್ದರೆ ಅದು ಆ ವರ್ಷದ ಆದಾಯವಾಗುತ್ತದೆ, ಅದರ ನೂರಕ್ಕೆ 85ನ್ನು ಖರ್ಚು ಮಾಡಬೇಕಾಗುತ್ತದೆ. ಹಣ ಬ್ಯಾಂಕಿನ ಎಫ್‌ಡಿಯಲ್ಲೇ ಇರಲಿ, ಸದಸ್ಯರಿಗೆ ಕೈಸಾಲ ಕೊಡುವುದು, ಚೀಟಿ ಹಾಕುವುದು ಕೂಡದು. ಅದೇ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ: 'ಬಡ್ಡಿ ಸಾಲದ ವರ್ಷ ಎರಡು ದತ್ತಿಗಳನ್ನು ಕೂಡಿಸಿ, ಇಬ್ಬರ ಹೆಸರಲ್ಲೂ ಒಂದೇ ಉಪನ್ಯಾಸ ನಡೆಸಲು ಒಪ್ಪಿಗೆ ಇದೆ.'