ಧೂಳು ತೂಗಿದ್ದು ಸಾಕು, ಹೊಗೆ ಯಾರ ಮೂಗಿನ ಹತ್ತಿರ ಇದೆ ನೋಡಿ

ರಸ್ತೆಗೆ ನೀರು ಚಿಮುಕಿಸುವ ಟ್ಯಾಂಕರ್, ಗುಡಿಸುವ ದೊಡ್ಡ ಯಂತ್ರ, ಸರ್ಕಲ್‌ನಲ್ಲಿ ನೀರು ಎರಚುವ ಫಿರಂಗಿ. ಬೆಂಗಳೂರಿನ ಗಾಳಿ ಸರಿಮಾಡುವ ಮಾತು ಬಂದಾಗ ಮೊದಲು ರಸ್ತೆಗಿಳಿಯುವುದು ಇವೇ. ಇವು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ದುಡ್ಡು, ನಮ್ಮ ಗಮನ ಎರಡೂ ಕಣ್ಣಿಗೆ ಕಾಣುವ ಧೂಳಿನ ಹಿಂದೆಯೇ ಹೋಗುತ್ತಿವೆ. ಜಾಸ್ತಿ ಜನರ ಜೀವ ತೆಗೆಯುತ್ತಿರುವುದು ಕಾಣದಷ್ಟು ಸಣ್ಣ ಕಣ.

2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ನಮ್ಮ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಆ ಪಟ್ಟಿಯಲ್ಲಿವೆ. ದೇಶದಲ್ಲಿ ಆ ಹಣ ಎಲ್ಲಿ ಹೋಯಿತು ಅಂತ ದೆಹಲಿಯ ಪರಿಸರ ಸಂಸ್ಥೆ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2024ರಲ್ಲಿ ಲೆಕ್ಕ ಹಾಕಿತು. ಸುಮಾರು ಶೇ 64 ರಸ್ತೆ ಧೂಳಿಗೇ ಹೋಗಿದೆ. ಕಾರ್ಖಾನೆಗಳ ಹೊಗೆ ತಗ್ಗಿಸಲು ಶೇ 1 ಕೂಡ ಖರ್ಚಾಗಿಲ್ಲ. ಕಾರಣ ಇದೆ. ನಗರಗಳು ಎಷ್ಟು ಸುಧಾರಿಸಿವೆ ಅಂತ ನೋಡುತ್ತಾ ಬಂದದ್ದು ಪಿಎಂ 10, ಅಂದರೆ 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳ ಅಳತೆಯಲ್ಲಿ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಅದರ ತೂಕದಲ್ಲಿ ದೊಡ್ಡ ಪಾಲು ಧೂಳಿನದು. ಧೂಳು ಕೂರಿಸಿದರೆ ಅಂಕ ಸಿಗುತ್ತದೆ, ಅಷ್ಟೇ.

ನಮ್ಮ ತಲೆಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ. ರಸ್ತೆಯ ದಪ್ಪ ಧೂಳನ್ನು ಮೂಗು, ಗಂಟಲು ಬಹುಮಟ್ಟಿಗೆ ತಡೆಯುತ್ತವೆ. ಸೀನುತ್ತೇವೆ, ಕೆಮ್ಮುತ್ತೇವೆ, ಕಫ ಬರುತ್ತದೆ. ಆದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣ, ಅಂದರೆ ಪಿಎಂ 2.5, ಶ್ವಾಸಕೋಶದ ತುದಿಯವರೆಗೂ ಹೋಗುತ್ತದೆ. ಇನ್ನೂ ಸಣ್ಣವು ರಕ್ತಕ್ಕೂ ಇಳಿಯುತ್ತವೆ. ಅವು ಬಹುತೇಕ ಏನಾದರೂ ಉರಿದಾಗ ಹುಟ್ಟುವಂಥವು: ಡೀಸೆಲ್, ಕಸ, ಸೌದೆ, ಕಲ್ಲಿದ್ದಲು.

ಹಾಗಾಗಿಯೇ ಗಾಳಿ ಕೆಟ್ಟರೆ ಕೆಮ್ಮು, ಉಬ್ಬಸ ಅಷ್ಟೇ ಅನ್ನುವುದು ತಪ್ಪು ತಿಳಿವಳಿಕೆ. ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್, ಕಡಿಮೆ ತೂಕದ ಕೂಸು, ಎಲ್ಲಕ್ಕೂ ಈ ಸಣ್ಣ ಕಣದ ಜೊತೆ ನಂಟಿದೆ. 2019ರಲ್ಲಿ ಭಾರತದಲ್ಲಿ ಸುಮಾರು 16.7 ಲಕ್ಷ ಸಾವಿಗೆ ಕೆಟ್ಟ ಗಾಳಿ ಕಾರಣ ಅಂತ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಮನೆಯೊಳಗಿನ ಒಲೆ ಹೊಗೆಯೂ ಅದರಲ್ಲಿ ಸೇರಿದೆ. ಎದೆನೋವು ಅಂತ ಹೋದರೆ ಡಾಕ್ಟರು ಬಿಪಿ ಕೇಳುತ್ತಾರೆ, ಶುಗರ್ ಕೇಳುತ್ತಾರೆ, ಸಿಗರೇಟು ಸೇದ್ತೀರಾ ಅನ್ನುತ್ತಾರೆ. ಯಾವ ರಸ್ತೆ ಪಕ್ಕ ಮನೆ ಅಂತಲೂ ಕೇಳಬೇಕು ಅಂತ ನನಗೆ ಅನಿಸುತ್ತದೆ.

ಈಗ ಬೆಂಗಳೂರಿನ ಲೆಕ್ಕಕ್ಕೆ ಬರೋಣ. ಆರು ನಗರಗಳ ಅಧ್ಯಯನದ ಭಾಗವಾಗಿ ಟೆರಿ ಎಂಬ ಇಂಧನ, ಪರಿಸರ ಸಂಶೋಧನಾ ಸಂಸ್ಥೆ ಇಲ್ಲಿನ ಪಿಎಂ 10 ಮೂಲಗಳನ್ನು ಪಟ್ಟಿ ಮಾಡಿ 2010ರಲ್ಲಿ ವರದಿ ಕೊಟ್ಟಿತು. ವಾಹನ ಶೇ 42, ರಸ್ತೆ ಧೂಳು ಶೇ 20, ಕಟ್ಟಡ ಕೆಲಸ ಮತ್ತು ಕಾರ್ಖಾನೆ ತಲಾ ಶೇ 14, ಡೀಸೆಲ್ ಜನರೇಟರ್ ಶೇ 7. ಹಳೆಯ ಲೆಕ್ಕ, ಆದರೂ ಚರ್ಚೆಗೆ ಒಳ್ಳೆಯ ಆಧಾರ. ಒಂದು ವಿಷಯ ಮಾತ್ರ ಮರೆಯಬಾರದು. ಇದು ತೂಕದ ಲೆಕ್ಕ. ಯಾರ ಉಸಿರಿಗೆ ಎಷ್ಟು ಹೋಯಿತು ಅನ್ನುವ ಲೆಕ್ಕ ಅಲ್ಲ.

ಎತ್ತರದ ಚಿಮಣಿಯಿಂದ ಹೊರಟ ಹೊಗೆ ನೆಲಕ್ಕೆ ಇಳಿಯುವಷ್ಟರಲ್ಲಿ ಬಹಳಷ್ಟು ತೆಳುವಾಗಿರುತ್ತದೆ. ಜನರೇಟರ್ ಹೊಗೆ ಹಾಗಲ್ಲ. ಕರೆಂಟ್ ಹೋದಾಗ ಪಕ್ಕದ ಅಪಾರ್ಟ್‌ಮೆಂಟಿನ ಕಿಟಕಿಗೇ ಬರುತ್ತದೆ. ರಸ್ತೆ ಮೂಲೆಯಲ್ಲಿ ಸುಡುವ ಕಸವಂತೂ ನೇರ ಮೂಗಿಗೆ. ಮಕ್ಕಳ ಎತ್ತರ ಮತ್ತು ಬಸ್ಸಿನ ಸೈಲೆನ್ಸರಿನ ಎತ್ತರ ಹೋಲಿಸಿ ನೋಡಿ. ಅದರ ಮೇಲೆ ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಒಂದು ಕೆಜಿ ಧೂಳು ಮತ್ತು ಒಂದು ಕೆಜಿ ಡೀಸೆಲ್ ಮಸಿಯನ್ನು ಸಮ ಅನ್ನುವುದು ಹೇಗೆ? ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ.

ವಾಹನದ ವಿಷಯದಲ್ಲಿ ಒಳ್ಳೆಯ ಕೆಲಸವೂ ಆಗಿದೆ. 2000ರ ಹೊತ್ತಿಗೆ ಪೆಟ್ರೋಲಿನಿಂದ ಸೀಸ ಹೋಯಿತು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಇನ್ನೂ ಬಿಗಿ ಮಿತಿ ಹಾಕುವ ಬಿಎಸ್ 6 ಮಾನದಂಡ ಬಂತು. ಇಂಧನದ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷ ಪಾಲಿಗೆ 50 ಪಾಲು) 10ಕ್ಕೆ ಇಳಿಯಿತು. ಮೂಲದಲ್ಲೇ ಕೈ ಹಾಕಿದರೆ ಫಲ ಸಿಗುತ್ತದೆ ಅನ್ನಲು ಇವೇ ಸಾಕ್ಷಿ. ಆದರೆ ಹಳೆಯ ಲಾರಿ, ಟೆಂಪೊ, ನೀರಿನ ಟ್ಯಾಂಕರ್ ಇನ್ನೂ ಓಡುತ್ತಿವೆ. ಎಮಿಷನ್ ಟೆಸ್ಟ್‌ನಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ದಟ್ಟ ಅಂತ ನೋಡುತ್ತಾರೆ. ಸಣ್ಣ ಕಣ ಎಷ್ಟು, ನೈಟ್ರೋಜನ್ ಆಕ್ಸೈಡ್ ಎಷ್ಟು ಅಂತ ನೋಡುವುದಿಲ್ಲ. ಆ ಆಕ್ಸೈಡೇ ಮುಂದೆ ಗಾಳಿಯಲ್ಲಿ ಮತ್ತೆ ಸಣ್ಣ ಕಣವಾಗುತ್ತದೆ.

ಧೂಳು ನಿರಪಾಯ ಅಂತ ಯಾರೂ ಓದಿಕೊಳ್ಳಬೇಡಿ. ಕಲ್ಲು ಕತ್ತರಿಸುವವರು, ಟೈಲ್ಸ್ ಕೊಯ್ಯುವವರು ಉಸಿರಾಡುವ ಸಿಲಿಕಾ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ. ಬೆಳಗಿನ ಜಾವ ಗುಡಿಸುವ ಪೌರಕಾರ್ಮಿಕರಿಗೆ ಧೂಳು ದಿನದ ಕೂಲಿಯ ಜೊತೆಗೇ ಬರುವ ಕಾಯಿಲೆ. ಅವರಿಗೆ ಒಳ್ಳೆಯ ಮಾಸ್ಕ್, ಒದ್ದೆ ಮಾಡಿ ಕತ್ತರಿಸುವ ಯಂತ್ರ, ವರ್ಷಕ್ಕೊಮ್ಮೆ ಎದೆ ತಪಾಸಣೆ ಬೇಕು. ಸರ್ಕಲ್‌ನ ಫಿರಂಗಿ ಅವರನ್ನು ಕಾಪಾಡುವುದಿಲ್ಲ.

ಮೊಬೈಲಲ್ಲಿ ಗಾಳಿ ಗುಣಮಟ್ಟದ ಸೂಚ್ಯಂಕ ತಿಳಿ ಹಸಿರು ಬಣ್ಣದಲ್ಲಿರುವುದು ನೋಡಿ ಸಮಾಧಾನ ಪಡುವವರಿಗೂ ಒಂದು ಮಾತು. ನಮ್ಮ ಸೂಚ್ಯಂಕದಲ್ಲಿ ದಿನದ ಪಿಎಂ 2.5 ಪ್ರಮಾಣ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಇದ್ದರೂ ‘ತೃಪ್ತಿಕರ’. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ದೆಹಲಿಗಿಂತ ವಾಸಿ ಅನ್ನುವುದು ನಿಜ. ಶ್ವಾಸಕೋಶಕ್ಕೆ ಆ ಹೋಲಿಕೆಯಿಂದ ಏನೂ ಪ್ರಯೋಜನ ಇಲ್ಲ ಅಲ್ವಾ?

ನನ್ನ ಪ್ರಕಾರ ಮೊದಲು ನಿಲ್ಲಬೇಕಾದದ್ದು ಕಸ ಸುಡುವುದು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಹೇಳಿತು. ಆದರೂ ವೈರು, ಥರ್ಮಾಕೋಲ್, ಹಾಲಿನ ಕವರ್ ಎಲ್ಲ ಒಟ್ಟಿಗೆ ಉರಿಯುತ್ತವೆ. ವೈರಿನ ಹೊದಿಕೆಯಲ್ಲಿರುವ ಪಿವಿಸಿ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ವಿಷ ಬರುತ್ತದೆ. ಇದನ್ನು ನಿಲ್ಲಿಸಲು ಹೊಸ ತಂತ್ರಜ್ಞಾನ ಏನೂ ಬೇಡ. ದಿನಾ ತಪ್ಪದೆ ಕಸದ ಗಾಡಿ ಬರಬೇಕು. ಎಲೆ ಉದುರುವ ತಿಂಗಳುಗಳಲ್ಲಿ ಒಣ ಎಲೆಗೇ ಬೇರೆ ಗಾಡಿ, ಪಾರ್ಕಿನಲ್ಲಿ ಗೊಬ್ಬರದ ಗುಂಡಿ ಬೇಕು. ಗುಡಿಸಿದ ರಾಶಿ ಸಾಗಿಸಲು ಗಾಡಿಯನ್ನೇ ಕೊಡದೆ, ಬೆಂಕಿ ಇಟ್ಟ ಪೌರಕಾರ್ಮಿಕರನ್ನು ಬೈಯುವುದು ನ್ಯಾಯವಲ್ಲ. ನಿಮ್ಮ ವಾರ್ಡಿನ ಎಂಜಿನಿಯರ್ ಹತ್ತಿರ ಈ ವಾರವೇ ಕೇಳಿ: ಎಲೆ ಗಾಡಿ ಎಲ್ಲಿ, ಗುಂಡಿ ಎಲ್ಲಿ? ಬಂದ ಉತ್ತರವನ್ನು ಕಾಮೆಂಟಲ್ಲಿ ಹಾಕಿ.